ತೆಗೆದುಬಿಡಿ

ಪುರಸಭೆಯಲ್ಲಿ ಬೋರ್ಡುಗಳ ಇನ್‌ಸ್ಪೆಕ್ಟರ್ ಆಗಿದ್ದವನಿಗೆ ಊರು ಇಟ್ಟ ಹೆಸರು ಟೇಪಣ್ಣ. ಎದುರಿಗೆ ಸಾಹೇಬ್ರು, ಬೆನ್ನ ಹಿಂದೆ ಟೇಪಣ್ಣ. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದು ಒಳಗೊಳಗೇ ಬೀಗುತ್ತಿದ್ದ. ಹೆದ್ದಾರಿಯ ಅಂಚಿನಿಂದ ಇಂತಿಷ್ಟು ದೂರದೊಳಗೆ ಯಾವ ಜಾಹೀರಾತು ಬೋರ್ಡೂ ನಿಲ್ಲಕೂಡದು, ನಿಂತರೆ ಗಾಡಿ ಓಡಿಸುವವರ ಕಣ್ಣು ಅದರ ಮೇಲೆ ಹೋಗಿ ಗಾಡಿ ಇನ್ನೆಲ್ಲಿಗೋ ಹೋಗುತ್ತದೆ ಎಂದು ಪುರಸಭೆ ನಿಯಮ ಮಾಡಿದಂದಿನಿಂದ ಅವನ ಸೊಂಟದ ಬೆಲ್ಟಿನಲ್ಲಿ ಉಕ್ಕಿನ ಟೇಪು ಇದ್ದೇ ಇತ್ತು. ಟೈರಿನ ಅಂಗಡಿಯವನು "ಒಂದು ಗೇಣು ಹೆಚ್ಚುಕಮ್ಮಿ ಸಾಹೇಬ್ರೆ, ಬಿಟ್ಬಿಡಿ" ಎಂದು ಹಲ್ಲು ಗಿಂಜಿದರೆ, "ಗೇಣು ಬಿಟ್ರೆ ಮೊಳ ಕೇಳ್ತೀರಿ" ಎನ್ನುತ್ತಿದ್ದ. ಹಲ್ಲಿನ ಡಾಕ್ಟರ ಬೋರ್ಡಿನಲ್ಲಿ ನಗುತ್ತಿದ್ದ ಮೂವತ್ತೆರಡು ಹಲ್ಲು, ಸಿಮೆಂಟಿನ ಮೂಟೆ ಎತ್ತಿ ನಿಂತ ಪೈಲ್ವಾನ, ಹಾಸಿಗೆ ಕಂಪನಿಯ ಸುಖನಿದ್ರೆಯ ಹೆಂಗಸು, ಎಲ್ಲರನ್ನೂ ಭೇದಭಾವವಿಲ್ಲದೆ ನೆಲಕ್ಕಿಳಿಸಿದ ಪುಣ್ಯಾತ್ಮ ಅವನು.

ಒಂದು ತಿರುವಿನಲ್ಲಿ ಮಾತ್ರ ಆ ಟೇಪು ಬೆಲ್ಟಿನಿಂದ ಈಚೆಗೆ ಬರುತ್ತಿರಲಿಲ್ಲ. ಅಲ್ಲಿ ಹೆದ್ದಾರಿ ಎತ್ತರದ ಮೇಲೆ ಹೋಗುತ್ತದೆ. ಇಳಿಜಾರಿನ ಕೆಳಗೆ ಅವನ ಅಕ್ಕನ ಊಟದ ಹೋಟೆಲು. ಮೇಲಿನಿಂದ ನೋಡಿದರೆ ಹೋಟೆಲಿನ ಮಾಡು ಕೂಡ ಕಾಣುವುದಿಲ್ಲ. ಕಾಣುವುದು ರಸ್ತೆಗೆ ತೀರ ಒತ್ತಿಕೊಂಡು, ನಿಯಮಕ್ಕೆ ಸೊಪ್ಪು ಹಾಕದೆ ನಿಂತ ಒಂದು ತಗಡಿನ ಬೋರ್ಡು: 'ಬಿಸಿ ಊಟ. ಹಸಿದವರು ನಿಧಾನಿಸಿ.' ಅದರ ಕೆಳಗೆ ಹಬೆಯಾಡುವ ಒಂದು ತಟ್ಟೆ, ಇಳಿಜಾರಿನ ಕಡೆಗೆ ಬೊಟ್ಟು ಮಾಡಿದ ಒಂದು ಕೈ. ಬರೆದವನು ಅಕ್ಕನ ಗಂಡ. ಬೋರ್ಡು ಬರೆಯುವುದೇ ಅವನ ಕಸುಬು. ಆ ಕೈ ಅಕ್ಕನ ಕೈಯೇ. ಅವಳನ್ನು ಎದುರಿಗೆ ನಿಲ್ಲಿಸಿಕೊಂಡು "ಅಲ್ಲಾಡ್ಬೇಡ ಅಂದ್ನಲ್ಲ" ಎಂದು ಗದರಿಸುತ್ತ ಬರೆದದ್ದು. ಅದೇ ಅವನ ಕೊನೆಯ ಬೋರ್ಡೂ ಆಯಿತು, ಅದೇ ವರ್ಷ ತೀರಿಕೊಂಡ. ಯಂತ್ರದಲ್ಲಿ ಅಚ್ಚಾದ ಬೋರ್ಡುಗಳು ಬಂದು ಭಾವನ ಉಳಿದ ಕೆಲಸವೆಲ್ಲ ಅಳಿಸಿಹೋಗಿತ್ತು. ಊರಿನಲ್ಲಿ ಅವನ ಕೈಬರಹ ಉಳಿದದ್ದು ಅದೊಂದೇ.

ಅಪ್ಪ ಅಮ್ಮ ಇಲ್ಲದ ಟೇಪಣ್ಣನನ್ನು ಸಾಕಿದವರು ಈ ಅಕ್ಕ, ಭಾವ. ಅವನು ಅಕ್ಷರ ತಿದ್ದಿದ್ದು ಭಾವನ ಬಣ್ಣದ ಡಬ್ಬಿಗಳ ನಡುವೆ ಕೂತು. ತಲೆ ನರೆತ ಮೇಲೂ ಅಕ್ಕನಿಗೆ ಅವನು ಪುಟ್ಟನೇ. ಹೀಗಾಗಿ ತಿರುವು ಬಂದಾಗಲೆಲ್ಲ ಅವನು ಜೀಪಿನ ಇನ್ನೊಂದು ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಬೋರ್ಡೇ ಕಾಣಲಿಲ್ಲವೆಂದ ಮೇಲೆ ಅಳೆಯುವ ಮಾತೆಲ್ಲಿ ಬಂತು?

ಕುತ್ತು ಬಂದದ್ದು ಪುರಸಭೆಯ ಮೀಟಿಂಗಿನಲ್ಲಿ. ಮಹಡಿಯೆತ್ತರದ ಹೋರ್ಡಿಂಗುಗಳನ್ನು ಬಾಡಿಗೆಗೆ ಕೊಡುವ ಕಂಪನಿಯ ಏಜೆಂಟು ತನ್ನವನ್ನು ಮುಟ್ಟಬಾರದೆಂದು ವಾದಿಸಲು ಬಂದಿದ್ದ. ವಾದ ಸೋಲುತ್ತಿದೆ ಎಂದು ಗೊತ್ತಾದಾಗ ಕುರ್ಚಿಯಿಂದ ಎದ್ದು ನಿಂತ.

"ಮೇಡಂ, ನಿಯಮ ಎಲ್ರಿಗೂ ಒಂದೇ ತಾನೆ?" ಎಂದು ಮುಖ್ಯಾಧಿಕಾರಿಯನ್ನು ಕೇಳಿದ.

"ಒಂದೇ" ಎಂದರು ಮೇಡಂ.

"ಹಾಗಾದ್ರೆ ಟೇಪಣ್ಣನವರ ಅಕ್ಕನ ಹೋಟೆಲಿಗೂ ಒಂದೇನಾ ಅಂತ ಕೇಳಿ. ಬೇಲಿನೇ ಹೊಲ ಮೇಯ್ತಾ ಇದೆ. ಅದೂ ಬಿಸಿಬಿಸಿ."

ಸಭೆ ಘೊಳ್ಳೆಂದು ನಕ್ಕಿತು. ಸದಸ್ಯರು ನಕ್ಕರು, ಗುಮಾಸ್ತರು ನಕ್ಕರು, ಟೀ ಕೊಡಲು ಬಂದವನು ಟ್ರೇ ಹಿಡಿದುಕೊಂಡೇ ನಕ್ಕ. ಟೇಪಣ್ಣನ ಕಿವಿಗಳು ಬಿಸಿಯಾದವು. ಮೇಡಂ ನಗಲಿಲ್ಲ, "ನಿಜಾನಾ?" ಎಂದು ಮಾತ್ರ ಕೇಳಿದರು. "ಇವತ್ತೇ ನೋಡ್ತೀನಿ ಮೇಡಂ" ಎಂದ.

ನೋಡುವುದೇನಿತ್ತು, ಮಣ್ಣು. ದಾರಿ ನೆಟ್ಟಗೇ ಇತ್ತು. ಬೋರ್ಡಿನವರಿಗೆ ಮೊದಲು ನೋಟಿಸು ಕೊಡಬೇಕು, ಒಂದು ವಾರ ಕಾಯಬೇಕು, ಬೋರ್ಡು ಇದ್ದ ಹಾಗೇ ಫೋಟೋ ತೆಗೆಯಬೇಕು, ಆಮೇಲೆ ಬೋರ್ಡು ತೆಗೆಯಬೇಕು. ಆದರೆ ಊರಿಗೆಲ್ಲ ನೋಟಿಸು ಅಂಟಿಸಿದ ಕೈ ಅಕ್ಕನ ಮುಂದೆ ಏಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಇಳಿಜಾರು ಇಳಿದು ಹೋಗಿ, ಒಲೆಯ ಮುಂದೆ ನಿಂತವಳಿಗೆ "ಅಕ್ಕ, ಭಾವನ ಬೋರ್ಡು ಇಳಿಸ್ಬೇಕಾಗಿದೆ" ಎಂದು ಒಂದು ಮಾತು ಹೇಳಬೇಕಿತ್ತು. ಅಷ್ಟು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮಾತೂ ಆಡಬಾರದು, ಬೋರ್ಡೂ ಹೋಗಬೇಕು. ಹಾವು ಸಾಯಬೇಕು, ಕೋಲು ಮುರಿಯಬಾರದು. ಇಂಥ ದಾರಿ ಹುಡುಕುತ್ತ ಅವನು ತನ್ನ ಮೇಜಿಗೆ ಬಂದು ಕೂತ.

ಆ ಮಧ್ಯಾಹ್ನ ಬೋರ್ಡು ಇಳಿಸುವ ಗ್ಯಾಂಗು ಹೆದ್ದಾರಿಯಲ್ಲೇ ಇತ್ತು. ಗ್ಯಾಂಗಿನ ಮೇಸ್ತ್ರಿ ಪುರಸಭೆಯ ಕಾಯಂ ನೌಕರನಲ್ಲ, ಗುತ್ತಿಗೆಯವನು. ಫೋಟೋ ತೆಗೆಯುವುದೂ ಬೋರ್ಡು ತೆಗೆಯುವುದೂ ಎರಡೂ ಅವನ ಕೆಲಸವೇ. ಹೇಳಿದ್ದನ್ನು ಮಾಡುವ, ಹೇಳದೇ ಇದ್ದದ್ದನ್ನು ಫೋನು ಮಾಡಿ ಕೇಳುವ ಮನುಷ್ಯ. ಕೇಳಿದ.

"ಸಾಹೇಬ್ರೆ, ತಿರುವಿನ ಹತ್ರ ಇದೀವಿ. ಇಲ್ಲಿ ಅಕ್ಕನ ಬೋರ್ಡಿದೆ. ಎಂದಿನ ಹಾಗೆ ಬಿಟ್ಟು ಮುಂದೆ ಹೋಗ್ಲಾ?"

ಟೇಪಣ್ಣ ಕಿಟಕಿಯಾಚೆ ನೋಡಿದ. "ತೆಗೆದುಬಿಡಿ" ಎಂದ.

"ಏನಂದ್ರಿ?"

"ತೆಗೆದುಬಿಡಿ ಅಂದೆ" ಎಂದವನೇ ಫೋನು ಇಟ್ಟ.

ಈ 'ತೆಗೆ' ಅನ್ನುವ ಮಾತಿದೆಯಲ್ಲ, ಇದರಷ್ಟು ಬೆನ್ನುಮೂಳೆಯಿಲ್ಲದ ಮಾತು ಇನ್ನೊಂದಿಲ್ಲ. ಅಂಗಡಿ ತೆಗೆ ಅಂದರೆ ಬಾಗಿಲು ತೆರೆದು ವ್ಯಾಪಾರ ಶುರು ಮಾಡು. ಮುಳ್ಳು ತೆಗೆ ಅಂದರೆ ಕಿತ್ತು ಬಿಸಾಡು. ಜಗಳ ತೆಗೆ ಅಂದರೆ ಇಲ್ಲದ ಜಗಳವನ್ನು ಎಬ್ಬಿಸು. ಫೋಟೋ ತೆಗೆದರೆ ವಸ್ತು ಇದ್ದಲ್ಲೇ ಇರುತ್ತದೆ, ಬೋರ್ಡು ತೆಗೆದರೆ ಇರುವುದಿಲ್ಲ. ಟೇಪಣ್ಣ ಇದೆಲ್ಲ ತಿಳಿಯದ ಹಸುಗೂಸಲ್ಲ. ಇಳಿಸಿ ಅನ್ನಬಹುದಿತ್ತು, ಕತ್ತರಿಸಿ ಅನ್ನಬಹುದಿತ್ತು. ಬೇಕೆಂದೇ ಎರಡು ಬಾಗಿಲಿನ ಮಾತು ಆರಿಸಿಕೊಂಡ. ಒಂದರಿಂದ ಮೇಸ್ತ್ರಿ ಒಳಗೆ ಹೋಗಲಿ, ನಾಳೆ ಬೇಕಾದರೆ ಇನ್ನೊಂದರಿಂದ ತಾನು ಹೊರಗೆ ಬರಬಹುದು. ಯೋಚಿಸಿ ಹೇಳಿದನೋ, ಹೇಳಿ ಯೋಚಿಸಿದನೋ ಎಂದು ಯಾರಾದರೂ ಕೇಳಿದರೆ, ಯೋಚಿಸಿಯೇ ಹೇಳಿದ. ಅವನ ಪರ ವಹಿಸಿ ಸುಳ್ಳಾಡುವ ದರ್ದು ನನಗಿಲ್ಲ.

ಸ್ವಲ್ಪ ಹೊತ್ತಿಗೆ ಅಕ್ಕನ ಫೋನು ಬಂತು. ಏದುಸಿರು ಬಿಡುತ್ತಿದ್ದಳು; ಇಳಿಜಾರು ಹತ್ತಿ ರಸ್ತೆಗೆ ಬಂದಿದ್ದಳು.

"ಪುಟ್ಟ, ನಿಮ್ಮೋರು ಬಂದು ಭಾವನ ಬೋರ್ಡು ಕೊಯ್ತಾ ಇದಾರೆ ಕಣೋ. ಗ್ಯಾಸ್ ಕಟರ್ ಹಚ್ಚಿದಾರೆ. ಬೇಡ ಅಂದ್ರೆ, ಸಾಹೇಬ್ರೇ ಹೇಳಿದಾರೆ ಅಂತಾರೆ. ಒಂದು ಕಂಬ ಆಗೋಯ್ತು, ಇನ್ನೊಂದಿದೆ. ಬೇಗ ಫೋನ್ ಮಾಡಿ ನಿಲ್ಸು."

"ನಾನು ಫೋಟೋ ತೆಗೀರಿ ಅಂದಿದ್ದು ಅಕ್ಕ" ಎಂದ. ಬಾಯಿ ಅದನ್ನು ಎಷ್ಟು ಸಲೀಸಾಗಿ ಹೇಳಿತೆಂದರೆ ಅವನಿಗೇ ಆಶ್ಚರ್ಯವಾಯಿತು. "ಇರು, ಈಗ್ಲೇ ಹೇಳ್ತೀನಿ."

ಈಗಲೇ ಹೇಳಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ ಕೂತ. ಟೀ ಕುಡಿದ ಲೋಟ ಪಕ್ಕದಲ್ಲಿತ್ತು. ಎದ್ದು ಹೋಗಿ ಅದನ್ನು ನಲ್ಲಿಯಡಿ ತೊಳೆದ. ಆ ಆಫೀಸಿಗೆ ಸೇರಿದಾಗಿನಿಂದ ಅವನು ಲೋಟ ತೊಳೆದವನೇ ಅಲ್ಲ. ಒಳಗೆ, ಹೊರಗೆ, ತಳ, ಎಲ್ಲ ಉಜ್ಜಿ, ಬೋರಲು ಹಾಕಿ, ಕೈ ಒರೆಸಿಕೊಂಡು ಬಂದು ಮೇಸ್ತ್ರಿಗೆ ಫೋನು ಮಾಡಿದ.

"ಆಯ್ತು ಸಾಹೇಬ್ರೆ, ಈಗ ತಾನೆ ಬಿತ್ತು" ಎಂದ ಮೇಸ್ತ್ರಿ.

ಬೀಳಲಿ ಎಂದೇ ತೊಳೆದ ಲೋಟ ಅದು. ಮಾಡುತ್ತಿರುವುದು ಹೇಸಿಗೆಯ ಕೆಲಸವೆಂದು ಅವನಿಗೆ ತೊಳೆಯುವಾಗಲೇ ಗೊತ್ತಿತ್ತು. ನಾಚಿಕೆಯಿಂದ ಕುತ್ತಿಗೆಯವರೆಗೂ ಬೆವರಿದ್ದ. ಆದರೂ ದನಿ ಏರಿಸಿ, "ಏನ್ರೀ ಮಾಡಿದ್ರಿ? ನಾನು ಹೇಳಿದ್ದು ಫೋಟೋ" ಎಂದು ಗದರಿಸಿದ. ಆ ಕಡೆ ಮೇಸ್ತ್ರಿ ಕಟರ್ ಆರಿಸಿರೆಂದು ಹುಡುಗರಿಗೆ ಕೂಗಿದ. ಆಮೇಲೆ, "ಹೌದಾ ಸಾಹೇಬ್ರೆ" ಎಂದ.

ಸಂಜೆ ಹೋಗದೆ ವಿಧಿಯಿರಲಿಲ್ಲ. ಗ್ಯಾಂಗಿನವರು ಬೋರ್ಡನ್ನು ಹೊತ್ತು ತಂದು ಹೋಟೆಲಿನ ಅಂಗಳದಲ್ಲಿ ಗೋಡೆಗೆ ಒರಗಿಸಿದ್ದರು. ಕಂಬ ಸಮೇತ ಕಲ್ಲಿನ ಮೇಲೆ ಮುಗ್ಗರಿಸಿದ ತಗಡು ನಡುವೆ ಮಡಚಿಹೋಗಿತ್ತು. ಕಟರಿನ ಬೆಂಕಿ ತಾಗಿದ ಕಡೆ ಬಣ್ಣ ಗುಳ್ಳೆ ಎದ್ದು, ಬೊಟ್ಟು ಮಾಡಿದ ಕೈ ಮಣಿಕಟ್ಟಿನವರೆಗೂ ಸುಟ್ಟಿತ್ತು. ಅಕ್ಕ ಕುಕ್ಕರುಗಾಲಲ್ಲಿ ಕೂತು ಒದ್ದೆ ಬಟ್ಟೆಯಿಂದ ಉಳಿದದ್ದನ್ನು ಒರೆಸುತ್ತಿದ್ದಳು. ಮೇಸ್ತ್ರಿ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ.

"ತಪ್ಪಾಯ್ತು ಅಕ್ಕ" ಎನ್ನುತ್ತಿದ್ದ. "ಈ ಮನೆ ಅನ್ನ ತಿಂದಿದೀನಿ ನಾನು. ನೋಟಿಸು, ಫೋಟೋ ಎಲ್ಲ ಸಾಹೇಬ್ರೇ ಮುಗಿಸಿರ್ತಾರೆ ಅನ್ಕೊಂಡೆ. ಅವರು ಹೇಳಿದ್ದೇ ಫೋಟೋ ಅಂತೆ. ದಿನಾ ಈ ಕಟರ್ ಸದ್ದಲ್ಲಿ ನನ್ನ ಕಿವಿ ಕೆಟ್ಟಿರ್ಬೇಕು."

"ಅವನು ಏನಂದ? ಅವನಂದ ಹಾಗೇ ಹೇಳಿ" ಎಂದಳು ಅಕ್ಕ.

"ತೆಗೆದುಬಿಡಿ ಅಂದ್ರು."

ಅಕ್ಕನ ಕೈ ನಿಂತಿತು. ತಮ್ಮನ ಕಡೆ ತಿರುಗದೆ, ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ ಹಿಂಡಿದಳು.

"ನಮ್ಮನೇಲಿ ಫೋಟೋ ತೆಗೀರಿ ಅಂತ ಯಾರೂ ಅನ್ನಲ್ಲ" ಎಂದಳು. "ಫೋಟೋ ಹೊಡೀರಿ ಅಂತೀವಿ. ನನ್ನ ಮದುವೇಲಿ ಇವನು ಫೋಟೋದವನ ಹಿಂದೆ ಬಿದ್ದು, ನಂದೊಂದು ಹೊಡೀರಿ, ನಂದೊಂದು ಹೊಡೀರಿ ಅಂತ ಅವನ ಪ್ರಾಣ ತಿಂದಿದ್ದ. ಮೊನ್ನೆ ಬಂದಾಗ್ಲೂ, ಕೂತ್ಕೋ ಅಕ್ಕ, ಒಂದು ಫೋಟೋ ಹೊಡೀತೀನಿ ಅಂದ." ಬಟ್ಟೆ ಮತ್ತೆ ತಗಡಿನ ಮೇಲೆ ಓಡಾಡತೊಡಗಿತು. "ಆಫೀಸಲ್ಲಿ ಬೇರೆ ಮಾತು ಕಲ್ತಿರ್ತಾನೆ ಬಿಡಿ. ಹೋಗಿ ಕೈ ತೊಳ್ಕೊಳ್ಳಿ, ಇಬ್ರೂ ಊಟ ಮಾಡಿ."

ಇಬ್ಬರೂ ಕೂತರು. ಅಕ್ಕ ಇಬ್ಬರಿಗೂ ಒಂದೇ ಸಮ ಬಡಿಸಿದಳು. ತಾನು ತಪ್ಪು ಮಾಡಿದ್ದೇನೆಂದು ನಂಬಿದ್ದ ಮೇಸ್ತ್ರಿ ತಲೆ ತಗ್ಗಿಸಿ ತಿಂದ. ಮಾಡಿದವನೂ ತಲೆ ತಗ್ಗಿಸಿಯೇ ತಿಂದ. ಅವಳಿಗೆ ಗೊತ್ತಾಗಿದೆ, ಅವಳಿಗೆ ಗೊತ್ತಾಗಿದೆ ಎಂದು ಒಂದೊಂದು ತುತ್ತಿಗೂ ಅವನಿಗೆ ಅನ್ನಿಸುತ್ತಿತ್ತು. ಕೇಳಿಯಾದರೂ ಕೇಳಬಾರದೇ, ಬೈದಾದರೂ ಬೈಯಬಾರದೇ. ಅವಳು ಕೇಳಲಿಲ್ಲ. ತಟ್ಟೆ ಖಾಲಿ ಮಾಡಿ ಕೈ ತೊಳೆದು, ಗಾಡಿ ಹತ್ತಿ ಮನೆಗೆ ಹೋದ.

ಅಷ್ಟಕ್ಕೇ ಮುಗಿಯುತ್ತದೆ ಎಂದುಕೊಂಡಿದ್ದರೆ, ಏಜೆಂಟು ಸುಮ್ಮನಿರುವ ಜಾತಿಯವನಲ್ಲ. 'ನೋಟಿಸಿಲ್ಲದೆ, ಫೋಟೋ ಇಲ್ಲದೆ ಬೋರ್ಡು ಕೊಯ್ಯುತ್ತಾರೆ. ಇವತ್ತು ಬಡಪಾಯಿ ಹೆಂಗಸಿನದು, ನಾಳೆ ನಮ್ಮದು' ಎಂದು ದೂರು ಹಾಕಿದ. ನಿನ್ನೆ ಆ ಹೆಂಗಸಿನ ಬೋರ್ಡಿನ ಮೇಲೆ ಬೆಂಕಿ ಕಾರಿದವನೇ ಇವತ್ತು ಅವಳ ಪರವಾಗಿ ಕಣ್ಣೀರು ಸುರಿಸಿದ. ಮೇಡಂ ಟೇಪಣ್ಣನನ್ನೂ ಮೇಸ್ತ್ರಿಯನ್ನೂ ತಮ್ಮ ಕೋಣೆಗೆ ಕರೆಸಿದರು.

"ಇನ್‌ಸ್ಪೆಕ್ಟರು ಫೋಟೋ ತೆಗೀರಿ ಅಂದಿದ್ದಂತೆ, ನೀವು ಬೋರ್ಡನ್ನೇ ಕೊಯ್ದಿರಂತೆ" ಎಂದರು ಮೇಸ್ತ್ರಿಗೆ. "ಹೀಗಾದ್ರೆ ನಿಮ್ಮನ್ನ ಇಟ್ಕೊಳ್ಳೋದು ಹೇಗೆ? ಗುತ್ತಿಗೆ ಇಲ್ಲಿಗೇ ನಿಲ್ಸಬೇಕಾಗುತ್ತೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೇಸ್ತ್ರಿ ಜಗಳಾಡಿದ್ದರೆ, ಇಲ್ಲ ಎಂದು ಮೇಜು ಕುಟ್ಟಿದ್ದರೆ ಟೇಪಣ್ಣನಿಗೆ ಉಪಕಾರವಾಗುತ್ತಿತ್ತು. ತಾನೂ ಕುಟ್ಟಿ ಸುಳ್ಳನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದ. ಆದರೆ ಮೇಸ್ತ್ರಿ ಟೋಪಿ ತಿರುಗಿಸುತ್ತ, "ಹೌದು ಮೇಡಂ, ಸಾಹೇಬ್ರು ಫೋಟೋ ಅಂತಾನೇ ಅಂದಿದ್ದು" ಎಂದ. "ರಾತ್ರಿಯೆಲ್ಲ ಯೋಚನೆ ಮಾಡ್ದೆ. ಈಗ ನೆನಪಾಗ್ತಿದೆ. ಫೋಟೋ ಅನ್ನೋ ಮಾತು ನನ್ನ ಕಿವಿಗೆ ಬಿದ್ದಿತ್ತು. ಬಿದ್ರೂ ತಲೆಗೆ ಹೋಗ್ಲಿಲ್ಲ. ಕಿವಿ ತೋರಿಸ್ಕೋತೀನಿ ಮೇಡಂ, ಕೆಲಸ ಮಾತ್ರ ತೆಗೀಬೇಡಿ."

ಆಡದೇ ಇದ್ದ ಮಾತು ಆ ಮನುಷ್ಯನಿಗೆ ನೆನಪಾಗಿತ್ತು. ಸಾಹೇಬರು ಸುಳ್ಳು ಹೇಳಿಯಾರು ಎನ್ನುವುದಕ್ಕಿಂತ ತನ್ನ ಕಿವಿ ಕೆಟ್ಟಿದೆ ಎಂದು ನಂಬುವುದೇ ಅವನಿಗೆ ಸುಲಭವಾಗಿತ್ತು. ಟೇಪಣ್ಣನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಹಾಗೆ.

"ನಾನು ಫೋಟೋ ಅನ್ನಲೇ ಇಲ್ಲ ಮೇಡಂ" ಎಂದ. "ತೆಗೆದುಬಿಡಿ ಅಂತ ಮಾತ್ರ ಅಂದೆ. ಬೋರ್ಡು ಹೋಗ್ಲಿ ಅಂತಾನೇ ಅಂದೆ. ಅವರ ಕಿವಿ ಸರಿ ಇದೆ."

ಮೇಡಂ ಪೆನ್ನು ಕೆಳಗಿಟ್ಟರು. ಈಗ ಬೈಗುಳ ಬರುತ್ತದೆ ಎಂದು ಅವನು ಕಾದ, ಬರಲಿ ಎಂದೂ ಕಾದ. ಅವರು ನಕ್ಕರು.

"ಇದನ್ನ ಮುಂಚೆನೇ ಹೇಳೋದಲ್ವೇನ್ರಿ? ಸ್ವಂತ ಅಕ್ಕನ ಬೋರ್ಡನ್ನೂ ಬಿಡಲಿಲ್ಲ ಅಂದ್ರೆ ಆ ಏಜೆಂಟ್ ಬಾಯಿ ತಾನಾಗೇ ಮುಚ್ಚುತ್ತೆ. ಎಂಥ ಕೆಲಸ ಮಾಡಿ ಹೀಗೆ ಮುಖ ಮುಚ್ಕೊಂಡು ಓಡಾಡ್ತಿದೀರಿ. ಮುಂದಿನ ಮೀಟಿಂಗಲ್ಲಿ ನಾನೇ ಎದ್ದು ಹೇಳ್ತೀನಿ." ಆಮೇಲೆ ಸ್ವಲ್ಪ ದನಿ ತಗ್ಗಿಸಿದರು. "ನೋಟಿಸು ಒಂದು ಕೊರತೆ. ಬಾಯಲ್ಲಾದ್ರೂ ನಿಮ್ಮಕ್ಕನಿಗೆ ಮೊದಲೇ ತಿಳಿಸಿದ್ರಿ ತಾನೆ? ಅವರು ಹೌದು ಅಂದ್ರೆ ಸಾಕು, ದೂರು ಬಿದ್ದುಹೋಗುತ್ತೆ. ಇಲ್ಲ ಅಂದ್ರೆ ನಿಮ್ಮ ಮೇಲೂ ಕ್ರಮ ಆಗುತ್ತೆ, ಇವರ ಕೆಲಸಾನೂ ಹೋಗುತ್ತೆ. ಸಂಜೆ ನಾನೇ ಅವರಿಗೆ ಫೋನ್ ಮಾಡಿ ಕೇಳ್ತೀನಿ."

ತಿಳಿಸಿರಲಿಲ್ಲ ಎಂದು ಅಲ್ಲೇ ಹೇಳಬೇಕಿತ್ತು. ಆದರೆ ಮೇಸ್ತ್ರಿ ಅವನ ಕಡೆ ತಿರುಗಿ ಕೈ ಮುಗಿದುಬಿಟ್ಟಿದ್ದ. ಹೊರಗೆ ಬಂದ ಮೇಲೂ ಆ ಮನುಷ್ಯನ ಮುಖದಲ್ಲಿ ಸಿಟ್ಟಿನ ಗೆರೆಯಿರಲಿಲ್ಲ. "ಹಾಗಾದ್ರೆ ನನ್ನ ಕಿವಿ ಸರಿಯಾಗೇ ಇದೆ ಅನ್ನಿ ಸಾಹೇಬ್ರೆ" ಎಂದು ಎರಡು ಸಲ ಹೇಳಿದ, ಸಂತೋಷದಿಂದ.

ಟೇಪಣ್ಣ ನೆಟ್ಟಗೆ ಅಕ್ಕನ ಹತ್ತಿರ ಹೋದ. ಹೆದ್ದಾರಿಯಲ್ಲಿ ಗಾಡಿಗಳು ಯಾವುದೂ ನಿಧಾನಿಸದೆ ಹೋಗುತ್ತಿದ್ದವು. ಹೋಟೆಲು ಖಾಲಿ ಇತ್ತು. ಅಕ್ಕ ಅಡಿಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ: ಸಭೆಯ ನಗು, ತಾನು ಆರಿಸಿಕೊಂಡ ಮಾತು, ಅವಳು ಫೋನಿನಲ್ಲಿ ಬೇಡಿಕೊಂಡ ಮೇಲೂ ತೊಳೆಯುತ್ತ ನಿಂತ ಲೋಟ. ಮೇಡಂ ಏನು ಕೇಳಲಿದ್ದಾರೆ, ಇಲ್ಲ ಅಂದರೆ ಯಾರ ಯಾರ ಕೆಲಸಕ್ಕೆ ಕುತ್ತು ಎಂದೂ ಹೇಳಿದ. ಅಕ್ಕ ಹೆಚ್ಚುತ್ತಲೇ ಕೇಳಿಸಿಕೊಂಡಳು.

"ನಾನು ಜಗಳ ತೆಗೀತೀನಿ ಅನ್ಕೊಂಡ್ಯಾ?" ಎಂದಳು ಕೊನೆಗೆ.

"ಇಲ್ಲ ಅಕ್ಕ."

"ಮತ್ತೆ?"

ಅವನು ಬೆಲ್ಟಿನ ಟೇಪನ್ನು ಗೇಣುದ್ದ ಎಳೆದು ಬಿಟ್ಟ.

"ಅದು ಬೋಲ್ಟ್ ಹಾಕಿ ನಿಲ್ಸಿದ ಬೋರ್ಡು ಕಣೋ ಪುಟ್ಟ. ವರ್ಷಕ್ಕೊಂದ್ಸಲ ನಾನೇ ಏಣಿ ಹಾಕಿ ಇಳಿಸಿ, ತೊಳೆದು, ಮತ್ತೆ ಏರಿಸ್ತಿದ್ದೆ. ಹೀಗೀಗೆ, ನಿಯಮ ಬಂದಿದೆ, ಇಳಿಸ್ಬೇಕು ಅಂತ ಒಂದು ಮಾತು ಹೇಳಿದ್ರೆ ನಾನೇ ಬಿಚ್ಚಿ ತಂದು ಒಳಗೆ ಗೋಡೆಗೆ ಹಾಕ್ಕೋತಿದ್ದೆ. ಇಡಿಯಾಗಿ ಇರ್ತಿತ್ತು." ಈರುಳ್ಳಿಯಿಂದಲೋ ಏನೋ, ತೋಳಿನಿಂದ ಕಣ್ಣು ಒರೆಸಿಕೊಂಡಳು. "ಬೋರ್ಡು ಹೋಗಿದ್ದಕ್ಕಲ್ಲ. ನನ್ನ ಹತ್ರ ಹೇಳೋಕೆ ನಿನಗೆ ಅಷ್ಟು ಕಷ್ಟ ಆಯ್ತಾ?"

ಅಷ್ಟರಲ್ಲಿ ಹಲಗೆಯ ಪಕ್ಕದಲ್ಲಿದ್ದ ಅವಳ ಫೋನು ಹೊಡೆದುಕೊಂಡಿತು. ಮೇಡಂ ನಂಬರು ಅವನಿಗೆ ನೋಡಿದ ಕೂಡಲೇ ಗೊತ್ತಾಯಿತು.

"ಇಲ್ಲ ಅಂತಾನೇ ಹೇಳು ಅಕ್ಕ" ಎಂದ. "ಇದ್ದದ್ದನ್ನ ಇದ್ದ ಹಾಗೆ ಹೇಳು."

"ಮೇಸ್ತ್ರಿ ಕೆಲಸ?"

ಅಕ್ಕ ಕೈ ಒರೆಸಿಕೊಂಡು ಫೋನು ಎತ್ತಿದಳು. ಆ ಕಡೆಯ ಮಾತನ್ನು ಪೂರ್ತಿ ಕೇಳಿಸಿಕೊಂಡಳು.

"ಹೌದು ಮೇಡಂ, ಮೊದಲೇ ಮನೆಗೆ ಬಂದು ಹೇಳಿದ್ದ" ಎಂದಳು. ದನಿ ಒಂದಿಷ್ಟೂ ಅಲುಗಲಿಲ್ಲ. "ನಾನೇ ಸಾಕಿದ ತಮ್ಮ ಅಲ್ವಾ. ನನ್ನ ಹತ್ರ ಹೇಳದೆ ಅವನು ಏನೂ ಮಾಡೋನಲ್ಲ."

ಫೋನು ಇಟ್ಟು ಮತ್ತೆ ಚಾಕು ತೆಗೆದುಕೊಂಡಳು. ಟೇಪಣ್ಣ ನೆಲ ನೋಡುತ್ತ ಬಾಗಿಲಲ್ಲಿ ನಿಂತೇ ಇದ್ದ. ಕೂತ್ಕೋ ಎಂದು ಅವಳು ಹೇಳಲಿಲ್ಲ.